ಮನೆ ಕೊಳ್ಳುವ ಮುನ್ನ ತಪಾಸಣೆ ಮಾಡಿಸುವ ಬಗೆ

ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ; ಕಟ್ಟಡವನ್ನು ಮಾತ್ರ ಬಣ್ಣ ನೋಡಿ ಒಪ್ಪಿಬಿಡುತ್ತಾರೆ. ಮುಂಗಡ ಕೊಟ್ಟ ಮೇಲೆ ಚೌಕಾಸಿಗೆ ಬಲವಿರುವುದಿಲ್ಲವಾದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲೇ ತಪಾಸಣೆ ಮಾಡಿಸಬೇಕು.

ತಪಾಸಣೆಗಾರರು ಅನುಭವಿ ಸಿವಿಲ್ ಎಂಜಿನಿಯರ್ ಆಗಿರಲಿ, ಬ್ರೋಕರ್ ಸೂಚಿಸಿದವರಾಗಿರುವುದು ಬೇಡ. ದುರಸ್ತಿಯ ಗುತ್ತಿಗೆಯನ್ನೂ ತಾವೇ ಹಿಡಿಯುವವರನ್ನು ನಾನಂತೂ ಒಪ್ಪುವುದಿಲ್ಲ. ಹಿಂದೆ ಬರೆದ ಒಂದು ವರದಿಯನ್ನು ಕೇಳಿ ಓದಿ, ಶುಲ್ಕವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ತಪಾಸಣೆಯ ದಿನ ನೀವೂ ಜೊತೆಗಿರಿ. ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ತೇವಾಂಶ ಮಾಪಕವನ್ನು ಮೊದಲು ಅಲ್ಲಿಗೇ, ಆಮೇಲೆ ಬಚ್ಚಲಿಗೆ ಅಂಟಿದ ಗೋಡೆಯ ಹಿಂಬದಿಗೆ ಇಡಿಸಿ. ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆಯೇ, ಬಚ್ಚಲಲ್ಲಿ ಸುರಿದ ಒಂದು ಬಕೆಟ್ ನೀರು ಮೂಲೆಯಲ್ಲಿ ನಿಲ್ಲದೆ ಜಾಲರಿಯ ಕಡೆಗೆ ಹರಿಯುತ್ತದೆಯೇ ಎಂದು ಗಮನಿಸಿ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಸಾಮಾನ್ಯವಾಗಿ ಚಿಂತೆಗೆ ಕಾರಣವಲ್ಲ. ಆದರೆ ಕಂಬದಲ್ಲಿ ಕಬ್ಬಿಣದ ಸಾಲಿನುದ್ದಕ್ಕೆ ಉದ್ದುದ್ದ ಸೀಳಿದ ಬಿರುಕು, ಅದರಲ್ಲೂ ತುಕ್ಕಿನ ಕಲೆಯೊಡನೆ ಕಂಡರೆ, ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತಿದೆ ಎಂದು ಶಂಕಿಸಬೇಕು. ಸೋರಿದ ವಿದ್ಯುತ್ತು ಸುರಕ್ಷಿತವಾಗಿ ನೆಲಕ್ಕಿಳಿಯುತ್ತದೆಯೇ ಎಂದು ನೋಡುವ ಅರ್ಥಿಂಗ್ ಪರೀಕ್ಷೆಯನ್ನೂ ಬಿಡಬೇಡಿ.

ಹೊಸ ಫ್ಲ್ಯಾಟ್ ಆದರೆ, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಂತೆ ಸ್ವಾಧೀನ ಪಡೆದ 5 ವರ್ಷದೊಳಗೆ ಕಾಣಿಸುವ ರಚನಾ ದೋಷಗಳನ್ನು ತಿಳಿಸಿದ 30 ದಿನಗಳಲ್ಲಿ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕಾದ್ದರಿಂದ, ಫೋಟೊ ಮತ್ತು ದಿನಾಂಕವಿರುವ ವರದಿಯನ್ನೇ ಕೇಳಿ ಪಡೆಯಿರಿ.