ಹೊಟ್ಟೆ ಕ್ಯಾನ್ಸರಿನ ಸ್ಲೈಡಿನಲ್ಲಿ ಪೂರ್ತಿ ಉಂಗುರ ಹುಡುಕಬೇಡಿ

ಜಯನಗರದ ಒಂದು ಲ್ಯಾಬಿನಲ್ಲಿ ನಾನು ಪೆಥಾಲಜಿಸ್ಟ್. ತುಮಕೂರು, ಕೋಲಾರದ ಕಡೆಯಿಂದಲೂ ಬಯಾಪ್ಸಿ, ಅಂದರೆ ರೋಗಿಯಿಂದ ತೆಗೆದ ಚೂರುಗಳು, ಬರುತ್ತವೆ. ಹೊಟ್ಟೆ ಕ್ಯಾನ್ಸರ್ ಹರಡಿದೆ ಎಂದು ಗೊತ್ತಾದರೆ ಡಾಕ್ಟರು ಕೇಳುವುದು, "ಹರ್-ಟೂ ಇದೆಯಾ ಮೇಡಂ?"

ಹರ್-ಟೂ ಜೀವಕೋಶದ ಪೊರೆಯಲ್ಲಿ ಕೂತ ಪ್ರೋಟೀನ್. ಅದರ ಜೊತೆಯ ಪ್ರೋಟೀನುಗಳಿಗೆ ಹೊರಗಿನಿಂದ ಒಂದು ಅಣು ಬಂದು ಅಂಟಬೇಕು, ಆಮೇಲೇ ಚಾಲೂ. ಹರ್-ಟೂಗೆ ಅಂಥ ಅಣು ಬೇಕಿಲ್ಲ. ಪಕ್ಕದವರ ಜೊತೆ ಜೋಡಿಯಾಗಲು ಸದಾ ತಯಾರು. 17ನೇ ಕ್ರೋಮೋಸೋಮಿನಲ್ಲಿರುವ ಇದರ ಜೀನ್ ಪ್ರತಿಗಳು ಜಾಸ್ತಿಯಾದರೆ ಪೊರೆ ತುಂಬ ಇದೇ. ಆಗ ಒಳಗೆ ಎರಡು ಸಂದೇಶ ಬಿಡುವಿಲ್ಲದೆ ಹೋಗುತ್ತವೆ. ರಾಸ್ ದಾರಿಯಲ್ಲಿ 'ಒಡೆದು ಎರಡಾಗು', ಎಕೆಟಿ ದಾರಿಯಲ್ಲಿ 'ಸಾಯಬೇಡ'. ಗೆಡ್ಡೆ ಬೆಳೆಯುವುದೂ, ಜಾಗ ಬಿಟ್ಟು ಹರಡುವುದೂ ಇವುಗಳ ಬಲದಿಂದ.

ನಾನು ಹರ್-ಟೂ ಓದಲು ಕಲಿತದ್ದು ಸ್ತನ ಕ್ಯಾನ್ಸರಿನ ಸ್ಲೈಡುಗಳಲ್ಲಿ. ಅಲ್ಲಿ ಹರ್-ಟೂ ಇದ್ದಲ್ಲಿ ಹಿಡಿಯುವ ಕಂದು ಬಣ್ಣ ಜೀವಕೋಶದ ಸುತ್ತ ಉಂಗುರದ ಹಾಗೆ ಕೂರುತ್ತದೆ. ಹೊಟ್ಟೆಯ ಮೊದಮೊದಲ ಸ್ಲೈಡೊಂದರಲ್ಲಿ ಉಂಗುರ ಪೂರ್ತಿಯಾಗಿರಲಿಲ್ಲ. 1+ ಎಂದು ಬರೆಯಲು ಹೊರಟೆ. ಬಣ್ಣಕ್ಕೆ 0ಯಿಂದ 3+ವರೆಗೆ ಅಂಕ, 1+ ಅಂದರೆ ನೆಗೆಟಿವ್. ನಮ್ಮ ಹಿರಿಯರು ಕೇಳಿದರು, "ಯಾವ ಲೆನ್ಸಲ್ಲಿ ಕಾಣಿಸ್ತಮ್ಮ?" ಅತಿ ಕಡಿಮೆ ದೊಡ್ಡದು ಮಾಡಿ ತೋರಿಸುವ ಚಿಕ್ಕ ಲೆನ್ಸಿನಲ್ಲೇ ಬಣ್ಣ ಎದ್ದು ಕಾಣುತ್ತಿತ್ತು. ಅದು 3+, ಅಂದರೆ ಪಾಸಿಟಿವ್. ಹೊಟ್ಟೆಯ ಗ್ರಂಥಿಗಳಲ್ಲಿ ಒಳಟೊಳ್ಳಿನ ಕಡೆಯ ಅಂಚಿಗೆ ಹೆಚ್ಚಾಗಿ ಬಣ್ಣ ಹಿಡಿಯುವುದಿಲ್ಲ. ಬುಡ ಮತ್ತು ಪಕ್ಕಗಳು ಮಾತ್ರ, ಕುದುರೆ ಲಾಳದ ಹಾಗೆ. ಆ ರಿಪೋರ್ಟ್ ಹಾಗೇ ಹೋಗಿದ್ದರೆ ಆ ರೋಗಿಗೆ ಹರ್-ಟೂವನ್ನೇ ಗುರಿಯಿಡುವ ಔಷಧಿ ಟ್ರಾಸ್ಟುಜುಮ್ಯಾಬ್ ತಪ್ಪಿಹೋಗುತ್ತಿತ್ತು. 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನದಲ್ಲಿ ಬರೀ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ ದಾಟಿದ ಅವಧಿ 11.1 ತಿಂಗಳು, ಈ ಔಷಧಿಯೂ ಸೇರಿದಾಗ 13.8 ತಿಂಗಳು. ಮನೆಯವರಿಗೆ ಅದು ಸಣ್ಣ ಸಮಯವಲ್ಲ.

ಅಂದಿನಿಂದ ಚಿಕ್ಕ ಲೆನ್ಸಿನಿಂದಲೇ ಶುರು ಮಾಡುತ್ತೇನೆ. ಬಯಾಪ್ಸಿಯಲ್ಲಿ ಬಣ್ಣ ಹಿಡಿದ 5 ಜೀವಕೋಶಗಳ ಒಂದು ಗುಂಪು ಸಿಕ್ಕರೂ ಅಂಕ ಕೊಡಲು ಸಾಕು. 2+ ಬಂದರೆ ಖಚಿತವಿಲ್ಲ, ಜೀನ್ ಪ್ರತಿಗಳನ್ನು ಎಣಿಸುವ ಫಿಶ್ ಟೆಸ್ಟ್ ಬೇಕು. ಚೂರುಗಳು, ಅವು ಕೆಡದಂತೆ ಹಾಕಿಡುವ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇದ್ದವಾ ಅಂತಲೂ ಕೇಳುತ್ತೇನೆ.

ಇನ್ನೊಂದು ತೊಂದರೆ, ಹೊಟ್ಟೆಯಲ್ಲಿ ಹರ್-ಟೂ ತೇಪೆ ತೇಪೆಯಾಗಿರುತ್ತದೆ. ಅದಕ್ಕೇ 6ರಿಂದ 8 ಚೂರು ಬೇಕು. ಕಳೆದ ಮಳೆಗಾಲದಲ್ಲಿ ಬಂದ ಒಂದು ಬಾಟಲಿಯಲ್ಲಿ ಇದ್ದದ್ದು ಎರಡೇ ಚೂರು. ಎರಡೂ ನೆಗೆಟಿವ್. ಸುಮ್ನೆ ಸಹಿ ಹಾಕಲು ಮನಸ್ಸಾಗಲಿಲ್ಲ. ಫೋನ್ ಮಾಡಿ, "ಡಾಕ್ಟ್ರೇ, ಇನ್ನೊಂದು ಸಲ ಎಂಡೋಸ್ಕೋಪಿ ಮಾಡೋಕೆ ಆಗುತ್ತಾ?" ಎಂದು ಕೇಳಿದೆ. ಮುಂದಿನ ವಾರ ಏಳು ಚೂರು ಬಂದವು. ಐದನೆಯದರ ಒಂದು ಮೂಲೆಯಲ್ಲಿ ಲಾಳಗಳು ಸಾಲಾಗಿ ಕೂತಿದ್ದವು.