ಗುಳಿಗಿ ಜ್ವಾಳದ ಡಬ್ಬ್ಯಾಗ ಇದ್ವು

ನಾ ಮುಂಡರಗಿ ತಾಲೂಕಿನ ಒಂದು ಸಣ್ಣ ಸರ್ಕಾರಿ ದವಾಖಾನ್ಯಾಗ ಸ್ಟಾಫ್ ನರ್ಸ್, 11 ವರ್ಷ ಆತು. ಸುತ್ತ ನಾಕೈದು ಹಳ್ಳಿ, ಎರಡು ತಾಂಡಾ, ಆಕಡೆ ಕಪ್ಪತಗುಡ್ಡ. ಹುಟ್ಟಿದ್ದು ಓದಿದ್ದು ಎಲ್ಲಾ ಹುಬ್ಬಳ್ಳ್ಯಾಗ, ಹಂಗಾಗಿ ಇಲ್ಲಿ ಮಂದಿ ಮಾತು ನನಗ ತಿಳಿತೈತಿ ಅನ್ಕೊಂಡಿದ್ದೆ.

ತಾಂಡಾದ ಒಬ್ಬ ಹುಡುಗಿ, ಎರಡನೇ ಬಸುರು, ಐದನೇ ತಿಂಗಳದಾಗ ಹಿಮೋಗ್ಲೋಬಿನ್ 7.8 ಬಂತು. ಬಸುರ್ಯಾಗ 11ಕ್ಕಿಂತ ಕಡಿಮಿ ಇದ್ರನ ರಕ್ತಹೀನತೆ, 7ರ ಕೆಳಗ ಹೋದ್ರಂತೂ ಭಾಳ ಅಪಾಯ. ಕೆಂಪು ಕಬ್ಬಿಣದ ಗುಳಿಗಿ ದಿನಕ್ಕ ಎರಡು ಅಂತ ಕೊಟ್ಟು ಕಳಿಸಿದೆ. ಮುಂದಿನ ತಿಂಗಳು ಬಂದ್ಲು, ತಗೊಂಡೀಯೇನವಾ ಅಂದ್ರ ಹೂಂ ರಿ ಅಂದ್ಲು, ನೋಡಿದ್ರ 7.6. ಎಲ್ಲಾರ ಮುಂದ ಬೈದೆ. ಆಕಿ ತಲಿ ಕೆಳಗ ಹಾಕ್ಕೊಂಡು ನಿಂತಿದ್ದು ಇನ್ನೂ ಕಣ್ಣಾಗ ಐತಿ.

ಆ ವಾರನ ಆಶಾ ಕಾರ್ಯಕರ್ತೆ ಅವರ ಮನಿಗೆ ಹೋಗಿದ್ಲು, ಗುಳಿಗಿ ಎಲ್ಲಾ ಜ್ವಾಳದ ಡಬ್ಬ್ಯಾಗ ಸಿಕ್ಕುವು, ಒಂದೂ ಒಡದಿರಲಿಲ್ಲ. "ಸಿಸ್ಟರ್, ತಗೋ ಅಂತ ಹತ್ತು ಸಲ ಹೇಳೀರಿ, ಯಾಕ ಒಲ್ಲಿ ಅಂತ ಒಂದ್ಸಲನೂ ಕೇಳಿಲ್ರಿ" ಅಂದ್ಲು. ಆಕಿನೂ ಅದ ತಾಂಡಾದಾಕಿ, ಆಕಿಗೆ ಗೊತ್ತಿತ್ತು.

ಮರುದಿನ ನಾನ ಹೋದೆ. ಅತ್ತಿ ಬಾಗಲದಾಗ ಕುಂತಿದ್ಲು, "ಯಾಡಿ" ಅಂತ ಕರದೆ (ಅವರ ಲಂಬಾಣಿ ಮಾತಿನ್ಯಾಗ ತಾಯಿ ಅಂತ), ಒಳಗ ಕರದು ಚಾ ಕೊಟ್ಲು. ಆಮ್ಯಾಲ ಕೇಳಿದೆ, ಈ ಗುಳಿಗಿ ತಿಂದ್ರ ಏನಾಕ್ಕತಿ ಅಂತೀರಿ? "ಉಷ್ಣ ರಿ ಬಾಯಾರ. ಮೊದಲನೇ ಬಸುರಿನ್ಯಾಗ ಇದನ್ನ ತಿಂದ್ಲು, ಹೊರಕಡಿ ಕರ್ರಗ ಆಗಾಕತ್ತು, ಒಳಗ ಸುಡಾಕತ್ತೈತಿ ಅಂದ್ವಿ, ಮುಂದ ಹದಿನೈದು ದಿನಕ್ಕ ಇಳದು ಹೋತು." ನನಗ ಮಾತ ಹೊಂಡಲಿಲ್ಲ. ಕೂಸು ಕಳಕೊಂಡ ಮನಿಯವ್ರು ಎರಡನೇದನ್ನ ಉಳಿಸ್ಕೊಳ್ಳಾಕ ಗುಳಿಗಿ ಮುಚ್ಚಿಟ್ಟಿದ್ರು, ನಾ ಅದನ್ನ ಸೋಂಬೇರಿತನ ಅಂತ ತಿಳದು ಬೈದಿದ್ದೆ!

ಉಷ್ಣ ಅನ್ನೋದು ಸುಳ್ಳು ಅಂತ ನಾ ವಾದಕ್ಕ ಇಳೀಲಿಲ್ಲ. ಮೈಗೆ ಹತ್ತದ ಉಳದ ಕಬ್ಬಿಣ ಹೊರಗ ಹೋಗ್ತೈತಿ, ಅದಕ್ಕ ಕರ್ರಗ ಕಾಣ್ತೈತಿ, ಗರ್ಭ ಇಳಿಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿದೆ. ತಂಪಿಗೆ ಏನ್ ಕೊಡ್ತೀರಿ ಅಂತ ಕೇಳಿದ್ರ ನಿಂಬಿಹಣ್ಣಿನ ಪಾನಕ ಅಂದ್ಲು. ಎಷ್ಟ ಖುಷಿ ಆತು ಗೊತ್ತೇನ್ರಿ, ಯಾಕಂದ್ರ ನಿಂಬಿಹಣ್ಣಿನ ವಿಟಮಿನ್ ಸಿ ಇದ್ರ ಕಬ್ಬಿಣ ಮೈಗೆ ಚೊಲೋ ಹತ್ತತೈತಿ, ಅವರ ತಂಪೂ ಆತು ನಮ್ಮ ಔಷಧನೂ ಆತು. ಚಾ ಮತ್ತ ಬಿಳಿ ಕ್ಯಾಲ್ಸಿಯಂ ಗುಳಿಗಿ ಮಾತ್ರ ಅದರ ಜೋಡಿ ಬ್ಯಾಡ, ಬ್ಯಾರೆ ಹೊತ್ತಿನ್ಯಾಗ ಅಂದೆ. ಎರಡು ತಿಂಗಳಿಗೆ 9.4 ಆತು.

ಮೊದಲ ಹಾಲಿನ ವಿಷಯನೂ ಇಂಥಾದ್ದ. ಹೆರಿಗಿ ಆದ ಒಂದು ತಾಸಿನೊಳಗ ಕೂಸಿಗೆ ಮೊಲಿಹಾಲು ಹಚ್ಚಬೇಕು, ಆದ್ರ ಹಳ್ಳ್ಯಾಗಿನ ಅಜ್ಜಿ ಒಬ್ಬಾಕಿ ಆ ದಪ್ಪ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು ಅಂತಿದ್ಲು. ಎಮ್ಮಿ ಈದಾಗ ಗಿಣ್ಣದ ಹಾಲು ಕರಕ್ಕ ಬಿಡಲ್ಲೇನಬೇ, ಕರ ಗಟ್ಟಿ ಆಕ್ಕತಿ ಅಂತೀಯಲ್ಲ, ಇದು ಮನಶ್ಯಾರ ಗಿಣ್ಣ ಅಂದೆ. ಅಷ್ಟ ಸಾಕಾತು, ತಾನ ಕೂಸಿನ ಎತ್ತಿ ಎದಿಗೆ ಹಚ್ಚಿದ್ಲು. ಆದ್ರ ಬಾಣಂತಿಗೆ ನೀರು ಕಡಿಮಿ ಕೊಡೋದನ್ನ ಬಿಡಿಸೋದು ಇನ್ನೂ ಆಗಿಲ್ಲ, ಕುದಿಸಿ ಆರಿಸಿದ ನೀರು ಅಂದ್ರ ಸ್ವಲ್ಪ ಒಪ್ತಾರ.

ಎಲ್ಲಾದಕ್ಕೂ ಹೂಂ ಅನ್ನಾಕ ಆಗಂಗಿಲ್ಲ. ಹೊಟ್ಟಿ ಉಬ್ಬೇತಿ ಅಂತ ಹತ್ತು ದಿನದ ಕೂಸಿಗೆ ಹೊಕ್ಕಳ ಸುತ್ತ ಬರಿ ಹಾಕಿ ತಂದಿದ್ರು, ಅವತ್ತ ಅಂಬ್ಯುಲೆನ್ಸ್‌ನ್ಯಾಗ ಗದಗಿಗೆ ಕಳಿಸಿದ್ವಿ, ಕೂಸು ಉಳೀತು. ಬರಿ ತಪ್ಪು ಅಂತ ಮಾರಿಗೆ ಹೊಡದಂಗ ಹೇಳಿದೆ. ಆ ಕೂಸಿನ ಅಜ್ಜಿ ಅಂದಿದ್ದು, "ರಾತ್ರಿ ಎರಡಕ್ಕ ಕೂಸು ಚೀರಾಕತ್ರ ನಿಮ್ಮ ಬಾಗಲಾ ತೆರದಿರ್ತೈತೇನವಾ? ಬರಿ ಹಾಕಾಂವ ಬಾಜು ಮನ್ಯಾಗ ಅದಾನ." ನನ್ನ ಹತ್ರ ಉತ್ತರ ಇರಲಿಲ್ಲ. ಆಶಾಗಳ ಫೋನಿನ್ಯಾಗ ಈಗ ನನ್ನ ನಂಬರ್ ಐತಿ, ಎಷ್ಟೊತ್ತಿದ್ರೂ ಎತ್ತತೇನಿ, ಹ್ವಾದ ವಾರ ರಾತ್ರಿ ಎರಡು ಸಲ ಬಂದಿತ್ತು.