ಮಳೆಗೆ ನೆನೆದರೂ ಹೊತ್ತುವ ಬೆಂಕಿ ಬ್ಯಾಗಲ್ಲಿರಲಿ

ಹೋದ ಮಳೆಗಾಲದಲ್ಲಿ ಪಾಂಡವಪುರದ ಕುಂತಿ ಬೆಟ್ಟದಿಂದ ಇಳಿಯುವಾಗ ಪೂರ್ತಿ ನೆನೆದುಬಿಟ್ಟೆವು. ಕೆಳಗೆ ಬಂದು ಟೀ ಕಾಯಿಸೋಣ ಅಂದ್ರೆ ಬೆಂಕಿಪೊಟ್ಟಣ ಮುದ್ದೆಯಾಗಿತ್ತು. ಲೈಟರ್ ಚಕ್ರ ತಿರುಗಿಸಿದರೂ ಕಿಡಿಯೇ ಇಲ್ಲ. ದಾರಿ ತಪ್ಪಿ ರಾತ್ರಿ ಕಳೆಯಬೇಕಾಗಿದ್ದರೆ ಏನು ಗತಿ ಅಂತ ಆಗ ಭಯವಾಯಿತು.

ಅದಕ್ಕೇ ಹೇಳ್ತಿದ್ದೇನೆ, ಒಂದನ್ನೇ ನಂಬಬೇಡಿ. ಲೈಟರ್ ಇರಲಿ, ಆದರೆ ಜಿಪ್ ಕವರ್ ಒಳಗೆ. ಜೊತೆಗೆ ಒಂದು ಫೆರೋ ರಾಡ್ ತಗೊಳ್ಳಿ, ಅಂದ್ರೆ ಉಕ್ಕಿನ ಪಟ್ಟಿಯಿಂದ ಗೀಚಿ ಕಿಡಿ ಹೊರಡಿಸುವ ಲೋಹದ ಕಡ್ಡಿ. ನೀರಿಗೆ ಬಿದ್ದರೂ ಒರೆಸಿ ಗೀಚಿದರೆ ಸಾಕು, ಸುಮಾರು 3000 ಡಿಗ್ರಿ ಬಿಸಿಯ ಕಿಡಿ ಹಾರುತ್ತದೆ. ತೀರಾ ಸಣ್ಣದು ಬೇಡ, ಹಿಡಿತ ಸಿಗಲ್ಲ. ಹೊಸದರ ಮೇಲಿನ ಕಪ್ಪು ಲೇಪನವನ್ನು ಮೊದಲು ಕೆರೆದು ತೆಗೆಯಿರಿ.

ಕಿಡಿ ಹಿಡಿಯೋಕೆ ಏನಾದರೂ ಬೇಕಲ್ವಾ? ವ್ಯಾಸಲೀನ್ ಸವರಿದ ಹತ್ತಿ ಉಂಡೆಗಳು ಕೆಲವು ನಿಮಿಷ ಉರಿಯುತ್ತವೆ. ನಮ್ಮ ಕಡೆ ಒಣ ತೆಂಗಿನ ನಾರಿಗೇನು ಬರವಿಲ್ಲ, ನುಣ್ಣಗೆ ಬಿಡಿಸಿ ಇಟ್ಟುಕೊಳ್ಳಿ. ಮನೆಯ ಹಿತ್ತಲಲ್ಲಿ ಹತ್ತು ಸಲ ಹೊತ್ತಿಸಿ ನೋಡಿ, ಕೈಗೆ ಅಭ್ಯಾಸ ಬೇಕು.

ಇದು ಜೀವ ಉಳಿಸೋಕೆ ಮಾತ್ರ. ನಾಗರಹೊಳೆ, ಬಂಡೀಪುರದಂಥ ಕಾಡಿನಲ್ಲಿ ಸುಮ್ನೆ ಬೆಂಕಿ ಹಾಕುವುದು ಅಪರಾಧ. ಬೇಸಿಗೆಯಲ್ಲಂತೂ ಒಂದು ಕಿಡಿ ಸಾಕು, ಬಿದಿರು, ಲಂಟಾನ ಎಲ್ಲ ಹೊತ್ತಿಕೊಳ್ಳುತ್ತವೆ.